ಬಾನಿಗೆ ಹೋದ ಕುಲುಮೆ

ಕಾಲಾಡಿಸ್ಬೇಡ ಕಣೇ ಪುಟ್ಟಿ, ಸೆಕೆ ನಿಂಗೊಬ್ಬಳಿಗೇನಾ? ಸುಮ್ನೆ ಮಲ್ಕೊಂಡು ಕೇಳು. ನಮ್ಮಜ್ಜಿಗೂ ಅಜ್ಜಿ ಹುಟ್ಟೋಕೆ ಮುಂಚೆ, ಒಂದಾನೊಂದು ಕಾಲದಲ್ಲಿ, ಒಂದೂರಿನ ತುಂಬಾ ಬರೀ ಕುಲುಮೆಗಳೇ ಇದ್ವಂತೆ. ಹಗಲೂ ರಾತ್ರಿ ಕಬ್ಬಿಣ ಕಾಯಿಸಿ ಕಾಯಿಸಿ, ಹೊಗೆಯೆಲ್ಲಾ ಮೇಲಕ್ಕೆ ಹೋಗಿ ಕಂಬಳಿ ಹೊದಿಸಿದಂಗೆ ಕೂತ್ಬಿಡ್ತಂತೆ. ಸೂರ್ಯನ ಮುಖ ಕಾಣದು, ಸೆಕೆ ಮಾತ್ರ ಒಳಗೇ ಕುದೀತಿತ್ತಂತೆ. ಬಾವಿ ಬತ್ತಿದ್ವು, ಎಳೆಕೂಸುಗಳು ಕೆಮ್ಮಿ ಕೆಮ್ಮಿ ಸೊರಗಿದ್ವು.

ಆಗ ಆ ಊರಿನ ರಾಜ ಡಂಗುರ ಹೊಡಿಸ್ದನಂತೆ, ಕುಲುಮೆಗಳನ್ನೆಲ್ಲಾ ಆಕಾಶಕ್ಕೆ ಸಾಗಿಸೋಣ, ಅಲ್ಲಿ ಸೂರ್ಯ ಮುಳುಗೋದೇ ಇಲ್ಲ, ಅವನ ಬೆಂಕೀನೇ ಹಿಡಿದು ಕೆಲಸ ಮಾಡೋಣ, ಮಿಕ್ಕಿದ್ದನ್ನ ಕನ್ನಡಿಯಿಂದ ಮನೆಮನೆಗೂ ಬಿಡೋಣ ಅಂತ. ಜನ ಕುಣಿದಾಡಿದ್ರಂತೆ. ಕುಣೀದೆ ಇರ್ತಾರಾ, ಪಾಪ!

ಅಲ್ಲಿ ಕಾಳಮ್ಮ ಅಂತ ಒಬ್ಬಳು ಕಮ್ಮಾರರ ಹೆಂಗಸು, ಗಂಡ ಇಲ್ಲ, ಮೂರು ಗಂಡುಮಕ್ಕಳು. ದೊಡ್ಡವನು ಮೋನಪ್ಪ ಏಣಿ ಮಾಡೋಕೆ ಹೋದ. ಏಣಿಗೆ ಕಬ್ಬಿಣ ಬೇಕು, ಕಬ್ಬಿಣಕ್ಕೆ ಇದ್ದಿಲು ಬೇಕು, ಬಡಗಣ ಕಾಡು ಸುಟ್ರು, ಅವನು ಏಣಿ ಹತ್ತಿ ಹೋದ. ಆಮೇಲೆ ನಡುವಿನವನು ಈರಣ್ಣ ಕನ್ನಡಿ ಎರಕ ಹೊಯ್ದ, ತೆಂಕಣ ಕಾಡು ಹೋಯ್ತು, ಅವನೂ ಹತ್ತಿದ. ಆಮೇಲೆ ಕಿರಿಯವನು ಗಂಗಣ್ಣ ಮೇಲಿಡೋ ಕುಲುಮೆ ಮಾಡಿ ಹೊತ್ಕೊಂಡು ಹೊರಟ, ಅದನ್ನ ಮಾಡೋ ಹೊತ್ತಿಗೆ ಕಾಡೇ ಇಲ್ಲ, ಮನೆ ತೊಲೆಗಳನ್ನೇ ಕಿತ್ತು ಸುಟ್ರಂತೆ. ಅವ್ವಾ, ಮೇಲಿನ ಬೆಳಕು ನಿನ್ನಂಗಳಕ್ಕೆ ಬಿದ್ದ ದಿನ ಕೆಳಗಿನ ಕುಲುಮೆ ಎಲ್ಲಾ ಆರಿಸ್ತಾರೆ, ಆವತ್ತು ಮೂರೂ ಜನ ಇಳಿದು ಬರ್ತೀವಿ ಅಂದು ಕಾಲಿಗೆ ಬಿದ್ದು ಹೋದ.

ಹೊಸ ಬೆಂಕಿ ಬರೋ ಮುಂಚೆ ಹಳೇ ಒಲೆ ಆರಿಸ್ಬೇಕು, ಒಂದೇ ಮನೇಲಿ ಎರಡು ಬೆಂಕಿ ಕೂಡದು ಅನ್ನೋದು ಆ ಊರಿನ ಪದ್ಧತಿ. ಹೆಂಗಸರೆಲ್ಲಾ ಒಲೆಗೆ ನೀರು ಹೊಯ್ದು, ಅಂಗಳ ಸಾರಿಸಿ, ರಂಗೋಲಿ ಬಿಟ್ಟು ಕೂತ್ರಂತೆ. ಕಾಳಮ್ಮನೂ ಅತ್ತೆ ಕಾಲದಿಂದ ಆರದೆ ಇದ್ದ ಕೆಂಡ ಆರಿಸಿದ್ಲು. ಹಸಿ ಹಿಟ್ಟು ನೆನೆಸ್ಕೊಂಡು ತಿಂದ್ರು. ಬೆಳಕು ಬರ್ಲಿಲ್ಲ. ಎಲ್ಲಿಂದ ಬರ್ಬೇಕು? ಏಣಿ, ಕನ್ನಡಿ ಅಂತ ಎಬ್ಬಿಸಿದ ಹೊಗೆಯೇ ಅಡ್ಡ ನಿಂತಿತ್ತು.

ಆಮೇಲೆ ಕಾಳಮ್ಮ ಅರಮನೆಗೆ ಹೋದ್ಲಂತೆ. ನಮ್ಮ ಒಲೆ ಆರಿಸಿದ್ವಿ ಬುದ್ಧಿ, ನಿಮ್ಮ ಕುಲುಮೆನೂ ಆರಿಸಿ, ಹೊಗೆ ತಿಳಿಯಾದ್ರೆ ಬೆಳಕೂ ಬರುತ್ತೆ, ನನ್ ಮಕ್ಕಳೂ ಬರ್ತಾರೆ ಅಂದ್ಲು. ರಾಜ ನಕ್ಕ. ಆರಿಸಿದ್ರೆ ಮೇಲಕ್ಕೆ ಬೇಕಾದ್ದನ್ನ ಯಾರಮ್ಮ ಮಾಡೋರು, ಇನ್ನೊಂದು ದೊಡ್ಡ ಕನ್ನಡಿ ಆಗ್ಲಿ, ತಡ್ಕೋ ಅಂದ. ಹಾಳಾದವನು!

ಒಂದಿನ ಜೋರು ಗಾಳಿ ಬೀಸಿ ಹೊಗೇಲಿ ತೂತು ಬಿತ್ತಂತೆ. ಅಂಗಳದಲ್ಲಿ ಕೂತಿದ್ದ ಕಾಳಮ್ಮನ ಅಂಗೈ ಮೇಲೆ ಕಾಸಗಲ ಬೆಳಕು. ಬೆಚ್ಚಗಿತ್ತಂತೆ. ಬಂದ್ರಪ್ಪಾ ನನ್ ಮಕ್ಕಳು ಅಂತ ಅವಳು ಕೂಗಿದ್ದೇ ತಡ, ಊರೆಲ್ಲಾ ಓಡಿ ಬಂತು, ರಾಜನೂ ಬಂದು ಅವಳ ಅಂಗೈ ನೋಡಿದ. ನೋಡಿದ್ರಾ, ಬರುತ್ತೆ ಅಂದಿದ್ನಲ್ಲ! ಹಚ್ರೋ ಇನ್ನೂ ಕುಲುಮೆ, ಬಾಗಿಲು ಕಿಟಕಿ ಏನಿದ್ರೂ ಕಿತ್ತು ಹಾಕ್ರೋ ಅಂದ. ಬೇಡ ಬುದ್ಧಿ, ಆರಿಸಿ, ಆರಿಸಿ ಅಂತ ಅವಳು ಬಡ್ಕೊಂಡ್ಲು. ಯಾರು ಕೇಳ್ತಾರೆ? ಜನ ಖುಷಿಯಾಗೇ ಕಿತ್ತು ಕೊಟ್ರಂತೆ. ಹೊಗೆ ಎದ್ದು ತೂತು ಮುಚ್ಕೊಳ್ತು.

ಆಮೇಲೆ ಎಲ್ಲಾರೂ ಸುಖವಾಗಿದ್ರು ಅಂತ ಹೇಳ್ಬೇಕು ಕಣೇ, ಕತೆ ಅಂದ್ಮೇಲೆ. ನಂಗೆ ಹಂಗನ್ನೋಕೆ ಬಾಯಿ ಬರ್ತಿಲ್ಲ. ಬಾಗಿಲಿಲ್ಲದ ಮನೆ ಮುಂದೆ ಕಾಳಮ್ಮ ಅಂಗೈ ಚಾಚ್ಕೊಂಡು ಕೂತೇ ಇದ್ಲಂತೆ. ಅಲ್ಲಿಗೆ ಕತೆ ಮುಗೀತು ಅನ್ಕೋ, ಕಣ್ಮುಚ್ಚು ನನ್ ಕಂದಾ.