ಮುಹೂರ್ತ ತಪ್ಪಿಸದ ಯಮನೂರಿ

ಪೆದ್ದರಿಲ್ಲದ ಊರು ಎಲ್ಲಿದೆ ಹೇಳಿ. ಆದರೆ ಫಕೀರವ್ವನ ಮಗ ಯಮನೂರಿಯಂಥ ಪೆದ್ದ ಎಲ್ಲ ಊರಿಗೂ ಸಿಗುವುದಿಲ್ಲ. ಹೇಳಿದ ಮಾತು ಮೀರುವವನೇ ಅಲ್ಲ! ಕೂಡು ಅಂದರೆ ಕೂತ, ಏಳು ಅನ್ನುವವರೆಗೂ ಕೂತ. ಮೀಸೆ ಬಂತು, ಬುದ್ಧಿ ಬರಲಿಲ್ಲ. ಪಾಪ ಫಕೀರವ್ವ, ಕೂತಲ್ಲಿ ಕೂಡಲಾರಳು, ನಿಂತಲ್ಲಿ ನಿಲ್ಲಲಾರಳು. “ನಾ ಕಣ್ಣು ಮುಚ್ಚೂದರಾಗ ಇವಂದೊಂದು ಲಗ್ನ ಆಗ್ತೈತೋ ಇಲ್ಲೋ!” ಎಂದು ಹಗಲೆಲ್ಲ ಅದೇ ಚಡಪಡಿಕೆ.

ಕಡೆಗೆ ನೀಲವ್ವ ಅನ್ನುವ ಹುಡುಗಿ ಒಪ್ಪಿದಳು. “ಪೆದ್ದ ಇದ್ರ ಇರಲಿ, ಹೇಳಿದ ಮಾತು ಕೇಳ್ತಾನಲ್ಲ” ಅಂದಳು, ಜಾಣೆ. ಒಪ್ಪದವನು ಅವಳ ಅಪ್ಪ ಗುರುಸಿದ್ದಪ್ಪ. ರೈಲುಗಳಿಗೆ ಬಾವುಟ ತೋರಿಸಿ ತೋರಿಸಿ ನಿವೃತ್ತನಾದವನು. ಸೀನು ಬಂದರೂ ಗಡಿಯಾರ ನೋಡಿಯೇ ಸೀನುವ ಮನುಷ್ಯ!

“ಹೊತ್ತು ತಿಳೀದವಗ ಮಗಳನ್ನ ಕೊಡೂದಿಲ್ಲ!” ಅಂದ. ಅಂದವನೇ ಒಂದು ಗೋಡೆ ಗಡಿಯಾರ ತಂದು ಫಕೀರವ್ವನ ಮನೆಯಲ್ಲಿ ತೂಗುಹಾಕಿದ. ಸಣ್ಣ ಮುಳ್ಳು ಗಂಟೆ, ದೊಡ್ಡ ಮುಳ್ಳು ನಿಮಿಷ ಎಂದು ಕೂತು ಕಲಿಸಿದ. ಯಮನೂರಿ ಕಲಿತ. ಕಲಿತದ್ದೇ ಕಷ್ಟಕ್ಕೆ ಬಂತು ನೋಡಿ.

ಮರುದಿನ ಫಕೀರವ್ವ ಸಂತೆಗೆ ಹೊರಟಳು. “ನಾಕು ಗಂಟೆ ಆತಂದ್ರ ಎಮ್ಮಿ ಬಿಡು. ಅಲ್ಲೀಮಟ ಗಡಿಯಾರದ ಮ್ಯಾಲಿನ ಕಣ್ಣು ತೆಗೀಬ್ಯಾಡ!”

ತೆಗೆಯಲಿಲ್ಲ. ಆಡು ಒಳಗೆ ಬಂತು, ತೆಗೆಯಲಿಲ್ಲ. ಆಡು ರೊಟ್ಟಿ ಬುಟ್ಟಿಗೆ ಬಾಯಿ ಹಾಕಿತು, ತೆಗೆಯಲಿಲ್ಲ. ಫಕೀರವ್ವ ಬಂದು ನೋಡಿದರೆ ಬುಟ್ಟಿ ಬರಿದು.

“ಲೇ! ಆಡು ರೊಟ್ಟಿ ತಿನ್ನೂದು ಕಾಣಲಿಲ್ಲೇನಲೇ?”

“ಸಪ್ಪಳ ಕೇಳಿಸ್ತಬೇ. ಕಣ್ಣು ತೆಗೀಬ್ಯಾಡ ಅಂದಿದ್ಯಲ್ಲ!”

“ಅಯ್ಯ ನನ್ನ ಕರ್ಮ! ಗಡಿಯಾರದ ಮುಂದ ಕುಂತ್ರ ಹೊಟ್ಟಿ ತುಂಬ್ತೈತೇನ? ಕೆಲಸಾ ಮಾಡ್ಕೋಂತ ಗಡಿಯಾರ ನೋಡಬೇಕಪಾ!”

ಆಗಲಿ ಅಂದ. ಬೆಳಗಾಗುತ್ತಲೇ ಗಡಿಯಾರ ಬಿಚ್ಚಿ ಎಮ್ಮೆಯ ಬೆನ್ನಿಗೆ ಹಗ್ಗದಿಂದ ಬಿಗಿದ. ಹಿಂದೆ ನಡೆಯುವವನಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ! ಎಮ್ಮೆ ಕಾಯುವ ಕೆಲಸವೂ ಆಯಿತು, ಹೊತ್ತು ನೋಡುವುದೂ ಆಯಿತು. ಬಿಸಿಲೇರಿತು. ಎಮ್ಮೆ ಹೋಗಿ ಹೊಂಡದಲ್ಲಿ ಮಲಗಿತು, ಗಡಿಯಾರವೂ ಮುಳುಗಿತು. ಯಮನೂರಿ ದಂಡೆಯ ಮೇಲೆ ಕೂತ. ಎಮ್ಮೆ ಎದ್ದರೆ ತಾನೇ ಗಂಟೆ ಎಷ್ಟೆಂದು ತಿಳಿಯುವುದು?

ಫಕೀರವ್ವ ಎದೆ ಬಡಿದುಕೊಂಡು ಓಡಿಬಂದಳು. “ಗಡಿಯಾರ ಗ್ವಾಡಿ ಮ್ಯಾಲ ಇರಬೇಕಲೇ! ಹೊರಗ ಇದ್ದಾಗ ಕೈಗಡಿಯಾರ ಕಟ್ಟಿದವರನ್ನ ಕೇಳು. ಅವರು ಹೇಳಿದ್ದನ್ನ ನೆಪ್ಪಿಟ್ಕೋ, ಮರೀಬ್ಯಾಡ!”

ಗುರುಸಿದ್ದಪ್ಪ ಗೊಣಗುತ್ತ ಗಡಿಯಾರ ರಿಪೇರಿ ಮಾಡಿಸಿದ. ಆಮೇಲೊಂದು ದಿನ ಪರೀಕ್ಷೆಗೆಂದೇ ಬಂದ, ತನ್ನ ಕೈಗಡಿಯಾರ ಬಿಚ್ಚಿಟ್ಟು ಬಂದ. “ಹೊಲಾ ತೋರಿಸು ನಡೀಯಪಾ. ಒಂದು ಗಂಟೆಗೆ ಊಟಕ್ಕ ಬರೂಣು. ಹೊತ್ತು ನೀನ ಹೇಳಬೇಕು!”

ದಾರಿಯಲ್ಲಿ ಬಸ್ಸಿನ ಕಂಡಕ್ಟರ್ ಸಿಕ್ಕ. ಕೈಯಲ್ಲಿ ಗಡಿಯಾರವಿತ್ತು, ಯಮನೂರಿ ಕೇಳಿದ. “ಒಂಬತ್ತು” ಅಂದ ಕಂಡಕ್ಟರ್. ಯಮನೂರಿ ನೆನಪಿಟ್ಟುಕೊಂಡ.

ಹೊಲ ನೋಡಿದರು, ಬಾವಿ ನೋಡಿದರು. “ಎಷ್ಟಾತು?” “ಒಂಬತ್ತು!” ಬಿಸಿಲು ನೆತ್ತಿ ಸುಟ್ಟಿತು. “ಈಗ?” “ಒಂಬತ್ತು!” ನೆರಳು ಉದ್ದವಾಯಿತು, ಹೊಟ್ಟೆ ಚುರುಗುಟ್ಟಿತು. “ಈಗರ?” “ಒಂಬತ್ತ ರೀ, ನಾ ಮರ್ತಿಲ್ಲ!” ದನ ಮನೆಗೆ ಹೊರಟವು. ಗುರುಸಿದ್ದಪ್ಪ ಕೆಂಡಾಮಂಡಲವಾಗಿ ತಾನೂ ಹೊರಟ. ಇತ್ತ ಫಕೀರವ್ವ ಹೋಳಿಗೆ ಬಡಿಸಿಟ್ಟು ಮಧ್ಯಾಹ್ನದಿಂದ ಬಾಗಿಲಿಗೂ ಒಲೆಗೂ ತಿರುಗಾಡಿ ಸಾಕಾಗಿದ್ದಳು.

ಮದುವೆ ಮುರಿದೇ ಹೋಗುತ್ತಿತ್ತು. ನೀಲವ್ವ ಊಟ ಬಿಟ್ಟು ಹಟ ಹಿಡಿದಳು. ಅಪ್ಪ ಬಗ್ಗಿದ, ಆದರೆ ಒಂದು ಮಾತು ಅಂದ. “ಮುಹೂರ್ತ ಹತ್ತೂವರಿಗೆ. ಒಂದು ನಿಮಿಷ ತಪ್ಪಿದ್ರ ಮಗಳನ್ನ ಕರಕೊಂಡು ಹೊಂಟೆ!”

ಫಕೀರವ್ವನಿಗೆ ನಿದ್ದೆಯೇ ಹತ್ತಲಿಲ್ಲ. ಮಗನ ಕಿವಿ ಹಿಂಡಿ ಹಿಂಡಿ ಹೇಳಿದಳು. “ಹೊತ್ತು ನಿನ್ನಂಗ ಕುಂತಿರೂದಿಲ್ಲಲೇ, ಓಡ್ತೈತಿ! ಹತ್ತೂವರಿ ಆತಂದ್ರ ತಾಳಿ ಕಟ್ಟಿಬಿಡು. ಯಾರು ತಡೀ ಅಂದ್ರೂ ತಡೀಬ್ಯಾಡ. ಆ ಕಡೆ ಈ ಕಡೆ ನೋಡಬ್ಯಾಡ. ಮುಂದ ಇದ್ದ ಕೊರಳಿಗೆ ಕಟ್ಟಿಬಿಡು!”

ಮದುವೆಯ ದಿನ ಹಂದರದ ಕಂಬಕ್ಕೆ ಅದೇ ಗಡಿಯಾರ ತೂಗಿತು. ಮದುಮಗ ತಾಳಿ ಹಿಡಿದು ನಿಂತ. ನಡುವೆ ಅಂತರಪಟ ಹಿಡಿದರು. ಮದುಮಗಳೆಲ್ಲಿ? ಗೆಳತಿಯರು ಒಳಗೆ ಇನ್ನೂ ಹೂ ಮುಡಿಸುತ್ತಿದ್ದರು! ದೊಡ್ಡ ಮುಳ್ಳು ಕೆಳಗಿಳಿಯುತ್ತಿತ್ತು. ಗುರುಸಿದ್ದಪ್ಪ ಬೆವೆತುಹೋದ. ಒಳಗೆ ಓಡಿದ, ಹೊರಗೆ ಓಡಿದ. ಅಂತರಪಟದಾಚೆ ಹೋಗಿ ಮಗಳ ಜಾಗದಲ್ಲೇ ನಿಂತು, ಬಟ್ಟೆಯ ಮೇಲಿಂದ ಕುತ್ತಿಗೆ ಚಾಚಿ ಕೂಗಿದ. “ತಡೀಯಪಾ, ಬಂದ್ಲು! ಬಂದ್ಲು!”

ಗಡಿಯಾರ ಹತ್ತೂವರೆ ತೋರಿಸಿತು. ತಡೀ ಅಂದರೂ ಯಮನೂರಿ ತಡೆಯಲಿಲ್ಲ. ಆ ಕಡೆ ನೋಡಲಿಲ್ಲ, ಈ ಕಡೆ ನೋಡಲಿಲ್ಲ. ಮುಂದಿದ್ದ ಕೊರಳಿಗೆ ಬಿಗಿಯಾಗಿ ಮೂರು ಗಂಟು ಹಾಕಿದ.

ತಾಳಿ ಎತ್ತಿದ್ದು ಕಂಡು ಬಾಜಾದವರು ಬಾರಿಸಿಯೇಬಿಟ್ಟರು. ಹಿಂದಿದ್ದ ಜನಕ್ಕೆ ಏನು ಗೊತ್ತು? ಎರಡೂ ತಲೆಯ ಮೇಲೆ ಅಕ್ಕಿಕಾಳು ಸುರಿದರು. ಅಂತರಪಟ ಸರಿಯಿತು. ಫಕೀರವ್ವ ಕುಸಿದು ಕೂತಳು. ಜಡೆ ಹಿಡಿದುಕೊಂಡು ಓಡಿಬಂದ ನೀಲವ್ವ ನಕ್ಕು ನಕ್ಕು ಕಂಬ ಹಿಡಿದಳು.

ಗುರುಸಿದ್ದಪ್ಪ ತಾಳಿ ಮುಟ್ಟಿ ನೋಡಿಕೊಂಡ, ತಲೆಯೆತ್ತಿ ಗಡಿಯಾರ ನೋಡಿದ. ನಿಮಿಷ ಎಲ್ಲಿ ತಪ್ಪಿತ್ತು?

ಯಮನೂರಿ ಅವನ ಕೈ ಹಿಡಿದು, ಮೆಲ್ಲಗೆ ಅಂದ. “ನಡೀರಿ ಮಾವಾರ, ಮನಿ ತುಂಬಿಸ್ಕೋತೀವಿ. ಹೊಸ್ತಲ ದಾಟೂವಾಗ ಬಲಗಾಲು ಮೊದಲು ಇಡ್ರಿ!”