ಚಳಿಗಾಲ ಕಾಣದ ಕೊಕ್ಕರೆ

ಮಕ್ಕಳೇ, ಭೂಪಟದಲ್ಲಿ ಯೂರೋಪನ್ನು ನೋಡಿದ್ದೀರಲ್ಲ? ಅಂಗೈಯಗಲದ ಜಾಗದಲ್ಲಿ ಬಣ್ಣಬಣ್ಣದ ದೇಶಗಳು ಒತ್ತೊತ್ತಾಗಿ ಕೂತಿರುತ್ತವೆ. ಅಲ್ಲಿ ಮನುಷ್ಯರಿಗೆ ಮಾತ್ರವಲ್ಲ, ಅಳಿಲುಗಳಿಗೂ ಬೇರೆಬೇರೆ ದೇಶಗಳಿವೆ. ಪೈನ್ ಬೆಟ್ಟದ ಅಳಿಲುಗಳದು ಒಂದು ದೇಶ, ಕಡಲ ದಂಡೆಯ ಅಳಿಲುಗಳದು ಇನ್ನೊಂದು. ಎರಡರ ನಡುವೆ, ನದಿ ತಿರುಗುವ ಕಣಿವೆಯಲ್ಲಿ, ಓಕ್ ಮರಗಳ ಕಾಡು. ಅದು ಕೆಂಚವ್ವನ ದೇಶ.

ಕೆಂಚವ್ವ ಕೆಂಪು ಅಳಿಲು. ಗಂಡ ತೀರಿಕೊಂಡಿದ್ದ, ಮೂರು ಎಳೆಯ ಮರಿಗಳಿದ್ದವು. ಅವಳ ಮರದ ತುದಿಯಲ್ಲೇ ಕೆಂಗಾಲಪ್ಪ ಅನ್ನುವ ಬಿಳಿ ಕೊಕ್ಕರೆಯ ಗೂಡು. ಕೆಂಗಾಲಪ್ಪ ಒಳ್ಳೆಯವನೇ. ಬಿಸಿಲು ಹೆಚ್ಚಾದರೆ ಮರಿಗಳ ಮೇಲೆ ರೆಕ್ಕೆ ಹರಡಿ ನೆರಳು ಮಾಡುತ್ತಿದ್ದ. ಆದರೆ ಅವನಿಗೊಂದು ಚಟವಿತ್ತು. ಒಂದು ದೇಶವನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಿ ನೋಡದಿದ್ದರೆ ತಿಂದ ಕಪ್ಪೆ ಅವನಿಗೆ ಅರಗುತ್ತಿರಲಿಲ್ಲ. "ಅವರನ್ನು ನೋಡಿ, ಹೇಗಿದ್ದಾರೆ! ನೀವೂ ಇದ್ದೀರಿ!" ಅನ್ನುತ್ತಿದ್ದ. ದೇಶ ಸುತ್ತಿದವನು ಅಂತ ಎಲ್ಲರೂ ಕಿವಿಗೊಡುತ್ತಿದ್ದರು.

ಒಂದು ವರ್ಷ ಮರಗಳು ಹೂ ಬಿಡುವ ಹೊತ್ತಿಗೆ ಇಡೀ ಖಂಡದ ಮೇಲೆ ಮಂಜು ಹೆಪ್ಪುಗಟ್ಟಿತು. ಓಕ್ ಹೂ ಕರಕಲಾಯಿತು, ಪೈನ್ ಹೂವೂ ಉದುರಿತು. ಎಲೆ ಹಳದಿಯಾಗುವ ಕಾಲಕ್ಕೆ ಯಾವ ದೇಶದ ಮರ ನೋಡಿದರೂ ಅಲ್ಲೊಂದು ಇಲ್ಲೊಂದು ಕಾಯಿ. ಕಾಯಿ ಕಡಿಮೆಯಾಯಿತು ಅಂತ ಚಳಿಗಾಲವೇನೂ ಕಡಿಮೆ ದಿನ ಇರುವುದಿಲ್ಲವಲ್ಲ!

ಓಕ್ ಕಾಡಿನಲ್ಲಿ ಸಭೆ ಸೇರಿತು. ಅಲ್ಲಿನವರಿಗೆ ತಮ್ಮದೇ ಒಂದು ಪದ್ಧತಿಯಿತ್ತು. ಒಂದೊಂದು ಕಾಯನ್ನು ಒಂದೊಂದು ಕಡೆ ಮಣ್ಣಿನಲ್ಲಿ ಹೂಳುವುದು. ಯಾರು ಹೂತದ್ದನ್ನು ಯಾರು ಬೇಕಾದರೂ ಅಗೆದು ತಿನ್ನಬಹುದು. ಹೂತ ಜಾಗ ಮರೆತು ಎಷ್ಟೋ ಕಾಯಿ ಮಣ್ಣಲ್ಲೇ ಉಳಿಯುತ್ತಿದ್ದವು. ಒಳ್ಳೆಯ ವರ್ಷಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಎಲ್ಲರಿಗೂ ಭಯವಾಯಿತು.

"ಕೆಂಗಾಲಣ್ಣ, ನಿನಗೆ ರೆಕ್ಕೆ ಇದೆ. ಮಿಕ್ಕ ದೇಶದವರು ಏನು ಮಾಡುತ್ತಿದ್ದಾರೆ, ಒಂದಿಷ್ಟು ನೋಡಿಕೊಂಡು ಬಾ. ನನ್ನ ಮೂರು ಮಕ್ಕಳು ವಸಂತ ಕಂಡರೆ ನನಗೆ ಅಷ್ಟೇ ಸಾಕು" ಎಂದಳು ಕೆಂಚವ್ವ.

ಇಂಥ ಕೆಲಸ ಕೊಟ್ಟರೆ ಕೆಂಗಾಲಪ್ಪ ಬೇಡ ಅನ್ನುತ್ತಾನೆಯೇ? ಅಂದೇ ಹಾರಿದ.

ಮೊದಲು ಪೈನ್ ಬೆಟ್ಟಕ್ಕೆ ಹೋದ. ಅಲ್ಲಿನ ಅಳಿಲುಗಳು ಸಿಕ್ಕ ಕಾಯನ್ನೆಲ್ಲ ಒಂದೇ ಪೊಟರೆಯೊಳಗೆ ರಾಶಿ ಹಾಕಿದ್ದವು. ಬಾಗಿಲಲ್ಲಿ ಕಾವಲು. ಎಲ್ಲರಿಗೂ ಅರ್ಧ ಹೊಟ್ಟೆ ಊಟ. ಒಂದು ಕಾಯಿ ಅತ್ತಿತ್ತ ಆಗುವಂತಿಲ್ಲ. ಕೆಂಗಾಲಪ್ಪನಿಗೆ ಕಣ್ಣು ತುಂಬಿ ಬಂತು.

"ಆಹಾ, ಅಚ್ಚುಕಟ್ಟು ಅಂದರೆ ಇದು!" ಎಂದ.

ಕಾವಲಿಗಿದ್ದ ಮುದಿ ಅಳಿಲು ಬೂದಜ್ಜ ತಲೆ ಕೆರೆದುಕೊಂಡ. "ಈಗೇನು ಹೊಗಳುತ್ತೀಯಪ್ಪ? ಇದು ಒಣ ಚಳಿಯ ಬೆಟ್ಟ, ರಾಶಿ ಹಾಕಿದ್ದೇವೆ. ಉಳಿಯಿತೋ ಇಲ್ಲವೋ ಹಿಮ ಬಿದ್ದ ಮೇಲೆ ಗೊತ್ತಾಗುತ್ತೆ. ಅಲ್ಲೀತನಕ ಇದ್ದು ನೋಡು."

"ಎಲ್ಲಿ ಇರಲಿ ಅಜ್ಜ? ಗಾಳಿ ತಿರುಗುವ ಮೊದಲು ನಾನು ದಕ್ಷಿಣಕ್ಕೆ ಹೊರಡಬೇಕು. ಹಿಮವನ್ನು ನಾನು ಕಂಡವನೇ ಅಲ್ಲ" ಎಂದ ಕೆಂಗಾಲಪ್ಪ. ಅದನ್ನೂ ಒಂದು ಹೆಚ್ಚುಗಾರಿಕೆ ಎನ್ನುವಂತೆ ಹೇಳಿದ.

ಅಲ್ಲಿಂದ ಕಡಲ ದಂಡೆಗೆ ಬಂದ. ಅಲ್ಲಿ ರಾಶಿಯೂ ಇಲ್ಲ, ಕಾವಲೂ ಇಲ್ಲ. ಕೊಂಬೆಕೊಂಬೆಗೆ ಅಣಬೆ ಸಿಕ್ಕಿಸಿ ಒಣಗಲು ಬಿಟ್ಟಿದ್ದರು. ಒಂದೇ ಮನೆಯಲ್ಲಿ ಐದಾರು ಸಂಸಾರ ಊಟಕ್ಕೆ ಕೂತು ಗಲಗಲ ಮಾತಾಡುತ್ತಿದ್ದವು.

"ನಿಮ್ಮ ದಾಸ್ತಾನು ಎಲ್ಲಿ?" ಎಂದು ಕೇಳಿದ.

ಮನೆಯೊಡತಿ ಸಾಗರಕ್ಕ ನಕ್ಕಳು. "ದಾಸ್ತಾನು ಏನಪ್ಪ? ಇವತ್ತು ನಮ್ಮಲ್ಲಿ ಊಟ, ನಾಳೆ ಪಕ್ಕದ ಮರದಲ್ಲಿ. ಯಾರ ಮನೆಯಲ್ಲಿ ಏನೂ ಇಲ್ಲವೋ ಅವರನ್ನು ಮೊದಲು ಕೂರಿಸುತ್ತೇವೆ. ಬಾ, ನೀನೂ ಕೂತ್ಕೋ."

ಕೆಂಗಾಲಪ್ಪ ಕೂರಲಿಲ್ಲ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಇವರು ಚಳಿಗಾಲ ದಾಟಿದ ಹಾಗೆಯೇ!' ಎಂದುಕೊಂಡು ಹಾರಿಬಿಟ್ಟ.

ಓಕ್ ಕಾಡಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಕೆಂಗಾಲಪ್ಪ ಒಂದು ಕಾಲಿನ ಮೇಲೆ ನಿಂತು ಭಾಷಣ ಮಾಡಿದ. "ಕಡಲ ದಂಡೆಯವರ ಮಾತೇ ಬೇಡ, ಶುದ್ಧ ಸೋಮಾರಿಗಳು. ಪೈನ್ ಬೆಟ್ಟದವರನ್ನು ನೋಡಿ ಕಲಿಯಬೇಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ. ನೀವೋ, ಒಂದೊಂದು ಕಾಯನ್ನು ಒಂದೊಂದು ಕಡೆ ಹೂತು ಮರೆತು ಕೂರುತ್ತೀರಿ! ಹೂತದ್ದನ್ನೆಲ್ಲ ಅಗೆಯಿರಿ. ಹೊಳೆಯ ದಡದ ಹಳೆ ಮರದಲ್ಲಿ ದೊಡ್ಡ ಪೊಟರೆ ಇದೆ. ಎಲ್ಲವನ್ನೂ ಅಲ್ಲಿ ರಾಶಿ ಹಾಕಿ, ಬಾಗಿಲು ಮುಚ್ಚಿ, ಕಾವಲು ಹಾಕಿ."

ಅಳಿಲುಗಳು ತಲೆದೂಗಿದವು. ಕೆಂಚವ್ವ ಮಾತ್ರ ಮೆಲ್ಲಗೆ ಕೇಳಿದಳು. "ಅಣ್ಣಾ, ಇಲ್ಲಿ ಚಳಿಗಾಲವೆಲ್ಲ ಹೊಳೆಯಿಂದ ತೇವ ಏಳುತ್ತೆ. ಒಂದೇ ಕಡೆ ತುಂಬಿದರೆ ರಾಶಿ ಬೆವರುವುದಿಲ್ಲವೇ?"

"ತಂಗೀ, ಎಷ್ಟು ದೇಶ ನೋಡಿದ್ದೀಯ ನೀನು?"

ಕೆಂಚವ್ವ ಸುಮ್ಮನಾದಳು. ಅವಳು ಆ ಕಾಡು ಬಿಟ್ಟು ಎಲ್ಲಿಗೂ ಹೋದವಳಲ್ಲ. ಅಲ್ಲದೆ ತನ್ನ ಮರಿಗಳಿಗೆ ನೆರಳು ಮಾಡಿದವನು ಕೆಟ್ಟದ್ದು ಹೇಳುತ್ತಾನೆಯೇ? ಮಾರನೆಯ ದಿನ ಅವಳೂ ತಾನು ಹೂತದ್ದನ್ನೆಲ್ಲ ಅಗೆದು, ಕೆನ್ನೆ ಉಬ್ಬುವಷ್ಟು ತುಂಬಿಕೊಂಡು, ಹೊಳೆದಡಕ್ಕೆ ಹೊತ್ತಳು. ಮರಿಗಳೂ ತಮ್ಮ ಕೈಲಾದಷ್ಟು ಹೊತ್ತವು. ಪೊಟರೆ ಬಾಯಿಯವರೆಗೆ ತುಂಬಿತು. ನೋಡಲು ಎಷ್ಟು ಚೆನ್ನಾಗಿತ್ತು ಗೊತ್ತೇ! ಕೆಂಗಾಲಪ್ಪ ಅದನ್ನು ಕಣ್ತುಂಬ ನೋಡಿ, ಗಾಳಿ ತಿರುಗಿದ್ದೇ ತಡ, ದಕ್ಷಿಣಕ್ಕೆ ಹಾರಿದ.

ಚಳಿಗಾಲವೆಲ್ಲ ಅವನು ಬೆಚ್ಚಗಿನ ನಾಡಿನಲ್ಲಿ ಕಪ್ಪೆ ತಿಂದು ಮೈ ಬೆಳೆಸಿದ. ವಸಂತಕ್ಕೆ ಹಿಂದಿರುಗುವಾಗ, ಕೆಂಚವ್ವ ಏನೇನು ಹೇಳಿ ಹೊಗಳಬಹುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದ.

ಓಕ್ ಕಾಡು ಸದ್ದಿಲ್ಲದೆ ನಿಂತಿತ್ತು. ಮರಗಳೆಲ್ಲ ಚಿಗುರಿದ್ದವು, ಆದರೆ ಕೊಂಬೆಗಳ ಮೇಲೆ ಓಡಾಡುವವರು ಕಾಣಲಿಲ್ಲ. ಕೆಂಗಾಲಪ್ಪ ಗೂಡಿಗೆ ಇಳಿದು ಕೂಗಿದ. ಬಹಳ ಹೊತ್ತಿನ ಮೇಲೆ ಕೆಂಚವ್ವ ಹೊರಗೆ ಬಂದಳು. ಮೈಯಲ್ಲಿ ಮೂಳೆ, ಬಾಲದಲ್ಲಿ ನಾಲ್ಕು ಕೂದಲು. ಹಿಂದೆ ಒಂದೇ ಒಂದು ಮರಿ.

"ಮಿಕ್ಕವೆರಡು ಎಲ್ಲಿ ತಂಗೀ? ಆಡೋಕೆ ಹೋಗಿವೆಯಾ?"

"ಇಲ್ಲ ಅಣ್ಣಾ. ಹೋದವು."

ಕೆಂಗಾಲಪ್ಪ ಗೂಡಿನಿಂದ ಅವಳ ಕೊಂಬೆಗೆ ಇಳಿದು ಬಂದ.

ಕೆಂಚವ್ವ ನಿಧಾನವಾಗಿ ಹೇಳಿದಳು. ಚಳಿ ಜೋರಾದಾಗ ಪೊಟರೆಯ ಬಾಗಿಲು ತೆಗೆದರಂತೆ. ಒಳಗಿನಿಂದ ಹುಳಿ ವಾಸನೆ ಬಂತಂತೆ. ಮೇಲಿನ ನಾಲ್ಕು ಕಾಯಿ ಬಿಟ್ಟರೆ ಮಿಕ್ಕದ್ದೆಲ್ಲ ಬೂಷ್ಟು ಹಿಡಿದು ಗೊಜ್ಜಾಗಿತ್ತು. ಮಣ್ಣನ್ನು ಕೆದಕಿದರು. ಮರೆತು ಹೋಗಿ ಉಳಿದ ಕಾಯಿ ಪ್ರತಿ ವರ್ಷ ಚಳಿಗಾಲದ ಕೊನೆಯ ದಿನಗಳಲ್ಲಿ ಕೈಗೆ ಸಿಗುತ್ತಿದ್ದವು. ಈ ಸಲ ಒಂದೂ ಸಿಗಲಿಲ್ಲ. ಸಿಕ್ಕಸಿಕ್ಕಲ್ಲಿ ಅಗೆದು, ಮರೆತದ್ದನ್ನೂ ಬಿಡದೆ, ಅವರೇ ರಾಶಿಗೆ ಹಾಕಿದ್ದರಲ್ಲ!

"ಹಾಗಾದರೆ ಇವನು ಉಳಿದದ್ದು?" ಎಂದ ಕೆಂಗಾಲಪ್ಪ, ಮರಿಯನ್ನು ತೋರಿಸಿ.

"ನಮ್ಮ ಕಷ್ಟ ಕಾಗೆಯ ಬಾಯಿಂದ ಕಡಲ ದಂಡೆಗೆ ಗೊತ್ತಾಯಿತಂತೆ. ಸಾಗರಕ್ಕ ಅಂತೆ, ಹತ್ತು ಜನರನ್ನು ಕರೆದುಕೊಂಡು ಒಣಗಿದ ಅಣಬೆ ಕಚ್ಚಿಕೊಂಡು ಬಂದಳು. ಅವರಿಗೂ ಹೆಚ್ಚೇನಿರಲಿಲ್ಲ. ಇದ್ದದ್ದರಲ್ಲೇ ಕೊಟ್ಟರು. ಇನ್ನೂ ನಾಲ್ಕು ದಿನ ಮೊದಲು ಗೊತ್ತಾಗಿದ್ದರೆ ಮೂವರೂ ಉಳಿಯುತ್ತಿದ್ದರು."

ಕೆಂಗಾಲಪ್ಪನ ಎದೆ ಒಡೆಯಿತು. "ಬೈಯಿ ತಂಗೀ, ನನ್ನನ್ನು ಬೈಯಿ" ಎಂದ.

"ಯಾಕೆ ಬೈಯಲಿ? ನೀನು ಒಳ್ಳೆಯದಕ್ಕೇ ಹೇಳಿದೆ. ನಮ್ಮ ಚಳಿ ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು."

ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು. ಆ ಬೇಸಗೆಯೆಲ್ಲ ಅವನು ಯಾವ ದೇಶದ ಸುದ್ದಿಯನ್ನೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮತ್ತೆ ಎಲೆ ಹಳದಿಯಾಯಿತು. ಓಕ್ ಕಾಡಿನವರು ಯಾರ ಸಲಹೆಗೂ ಕಾಯದೆ, ಅಲ್ಲೊಂದು ಇಲ್ಲೊಂದು ಕಾಯಿ ಹೂಳತೊಡಗಿದರು. ಕೆಂಗಾಲಪ್ಪ ಮರದಿಂದಿಳಿದು ಒಂದು ಕಾಯನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಬಂದು, "ಇದನ್ನು ಎಲ್ಲಿ ಹೂಳಲಿ ತಂಗೀ?" ಎಂದ.

ಕೆಂಚವ್ವ ಅದನ್ನು ಅವನಿಂದ ತೆಗೆದುಕೊಂಡಳು. "ನೀನು ಹೊರಡಣ್ಣ. ಗಾಳಿ ತಿರುಗಿದೆ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹಳೆಯ ಸಲಿಗೆಯೂ ಇರಲಿಲ್ಲ.

ಆ ವರ್ಷ ಕೆಂಗಾಲಪ್ಪ ನಮ್ಮ ಕಡೆಯ ಕೆರೆಯೊಂದಕ್ಕೆ ಬಂದಿಳಿದ. ಕೆರೆಯ ಬೆಳ್ಳಕ್ಕಿಗಳು ಅವನನ್ನು ಸುತ್ತುವರಿದು, "ದೊಡ್ಡ ದೊಡ್ಡ ದೇಶ ನೋಡಿದವರು ನೀವು. ಹೇಳಿ, ಕಷ್ಟಕಾಲವನ್ನು ಯಾವ ದೇಶದವರು ಚೆನ್ನಾಗಿ ದಾಟುತ್ತಾರೆ?" ಎಂದು ಕೇಳಿದವು.

ಒಂದು ಕಾಲಿನ ಮೇಲೆ ನಿಂತಿದ್ದ ಕೆಂಗಾಲಪ್ಪ ಇನ್ನೊಂದು ಕಾಲನ್ನೂ ನೀರಿಗೆ ಇಳಿಸಿದ.

"ನನಗೆ ಗೊತ್ತಿಲ್ಲ. ಕಷ್ಟಕಾಲದಲ್ಲಿ ನಾನು ಅಲ್ಲಿರಲಿಲ್ಲ" ಎಂದ.

ನೀತಿ: ಜೊತೆಗಿದ್ದು ಕಷ್ಟ ಉಣ್ಣದವನು ಊರೂರನ್ನು ತೂಗಿ ಬುದ್ಧಿ ಹೇಳಬಾರದು, ಒಂದು ನೆಲಕ್ಕೆ ಒಗ್ಗಿದ ಉಪಾಯ ಇನ್ನೊಂದು ನೆಲಕ್ಕೆ ಒಗ್ಗುತ್ತದೆಯೇ ಎಂದು ಆ ನೆಲದವರನ್ನೇ ಕೇಳಬೇಕು.