ದೇಜು ಒಬ್ಬನೇ ಊರು ನೋಡಿದ್ದು

ಮಸ್ಕತ್ತಿನಲ್ಲಿ ಒಬ್ಬಳು ತಾಯಿ ಇದ್ದಳು, ಅವಳಿಗೊಬ್ಬ ಮಗ ಇದ್ದ. ತಾಯಿಯ ಹೆಸರು ಅಪ್ಪಿಯಕ್ಕ, ಮಗನ ಹೆಸರು ದೇಜು. ತಾಯಿಗೆ ಬುದ್ಧಿ ಇತ್ತು, ಮಗನಿಗೆ ವಿಧೇಯತೆ ಇತ್ತು. ಎರಡೂ ಒಂದೇ ತಲೆಯಲ್ಲಿ ಇದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಅಪ್ಪಿಯಕ್ಕ ಅಲ್ಲಿಯ ರುವಿ ಎಂಬ ಪೇಟೆಯ ಒಂದು ಹಳೇ ಕಟ್ಟಡದಲ್ಲಿ ಇದ್ದುಕೊಂಡು, ನಮ್ಮ ಮಂಗಳೂರು ಕಡೆಯವರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಮಾಡಿ ಹಾಕುತ್ತಿದ್ದಳು. ದೇಜು ಒಂದು ಪರದೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಮ್ಮೆ ಮಾಲೀಕ ಯಾರದೋ ಮನೆಯಲ್ಲಿ ತಪ್ಪು ಗೋಡೆ ತೋರಿಸಿ "ಇಲ್ಲಿ ಪರದೆ ಹಾಕು" ಅಂದುಬಿಟ್ಟ. ದೇಜು ಕಿಟಕಿಯೇ ಇಲ್ಲದ ಗೋಡೆಗೆ ಚಂದವಾಗಿ ಪರದೆ ಹಾಕಿ ಬಂದ.

"ಅಲ್ಲಿ ಕಿಟಕಿ ಇಲ್ಲವಲ್ಲ ಮಾರಾಯ" ಅಂದರೆ, "ಕಿಟಕಿ ಹಾಕಲಿಕ್ಕೆ ನನಗೆ ಯಾರೂ ಹೇಳಲಿಲ್ಲ" ಅಂದ.

ಇಂಥ ದೇಜುವನ್ನು ಹರಿಣಾಕ್ಷಿ ಮೆಚ್ಚಿದಳು. ಹರಿಣಾಕ್ಷಿ ದೂಮಪ್ಪಣ್ಣನ ಮಗಳು, ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ಅಪ್ಪನನ್ನು ಕರೆದುಕೊಂಡು ಅಪ್ಪಿಯಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದಳು. ಬಡಿಸುವಾಗ ಅವಳು "ಸಾಕು" ಅಂದರೆ ದೇಜುವಿನ ಸೌಟು ಅಲ್ಲೇ ನಿಲ್ಲುತ್ತಿತ್ತು, ಒಂದು ಅಗುಳೂ ಹೆಚ್ಚು ಬೀಳುತ್ತಿರಲಿಲ್ಲ. ಹೇಳಿದ ಮಾತು ಕೇಳುವ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು.

ಆದರೆ ಅವಳಿಗೆ ತಿರುಗಾಟದ ಹುಚ್ಚು. ರಜೆ ಸಿಕ್ಕಿದರೆ ಸಾಕು, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಬಸ್ಸು ಹತ್ತುವಳು, ಅಗ್ಗದ ಕೋಣೆ ಹುಡುಕಿ ಉಳಿಯುವಳು, ಊರು ನೋಡಿ ಬರುವಳು. ದೇಜುವೋ, ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ.

"ಅಪ್ಪಿಯಕ್ಕ, ಮದುವೆಯಾದ ಮೇಲೆ ದಾರಿಯಲ್ಲಿ ಇವರನ್ನು ಎತ್ತಿಕೊಂಡು ನಡೆಯಲಿಕ್ಕೆ ನನ್ನಿಂದ ಆಗುವುದಿಲ್ಲ" ಅಂದಳು ಹರಿಣಾಕ್ಷಿ. "ಒಬ್ಬರೇ ಹೋಗಿ ಒಂದು ಊರು ನೋಡಿ, ಸರಿಯಾಗಿ ಮನೆಗೆ ಬರಲಿ. ನನಗೆ ಅಷ್ಟು ಸಾಕು."

"ಬರದಿದ್ದರೆ ಬಹರೇನಿನಲ್ಲಿ ಒಬ್ಬ ಹುಡುಗ ಇದ್ದಾನೆ" ಅಂದ ದೂಮಪ್ಪಣ್ಣ, ಮೀನಿನ ಮುಳ್ಳು ತೆಗೆಯುತ್ತ. "ಅವನಿಗೆ ಕಾರು ಉಂಟು."

ಅಪ್ಪಿಯಕ್ಕ ಬೇಗಬೇಗ ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಇಂಥ ಸೊಸೆ ಇನ್ನೊಮ್ಮೆ ಸಿಗುತ್ತಾಳೆಯೇ? ಮರುವಾರವೇ ಮಗನನ್ನು ನಿಜ್ವಾ ಎಂಬ ಊರಿನ ಬಸ್ಸಿಗೆ ಹೊರಡಿಸಿದಳು.

"ನೋಡು ಮಗಾ, ಇಲ್ಲಿಯ ಜನ ತುಂಬಾ ಮರ್ಯಾದೆಯವರು. ಯಾರು ಎಂತ ಕೊಟ್ಟರೂ ಬೇಡ ಅನ್ನಬೇಡ. ಬೇಡ ಅಂದರೆ ಅವರಿಗೆ ಬೇಜಾರು."

"ಆಯಿತು ಅಮ್ಮ."

ನಿಜ್ವಾದಲ್ಲಿ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಖರ್ಜೂರದ ಅಂಗಡಿಯ ಅಜ್ಜನೊಬ್ಬ ಕರೆದು ಕೂರಿಸಿದ. ಸಣ್ಣ ಲೋಟದಲ್ಲಿ ಕಹ್ವಾ ಕೊಟ್ಟ. ಕಹ್ವಾ ಅಂದರೆ ಅಲ್ಲಿಯ ಏಲಕ್ಕಿ ಕಾಫಿ. ದೇಜು ಕುಡಿದ. ಅಜ್ಜ ಮತ್ತೆ ಬಗ್ಗಿಸಿದ. ದೇಜು ಮತ್ತೆ ಕುಡಿದ. ಅಜ್ಜ ಬಗ್ಗಿಸುವುದು, ದೇಜು ಕುಡಿಯುವುದು. ಫ್ಲಾಸ್ಕು ಖಾಲಿಯಾಯಿತು. ಅಜ್ಜ ಮನೆಯಿಂದ ಇನ್ನೊಂದು ತರಿಸಿದ. ಅದೂ ಖಾಲಿಯಾಯಿತು. ಪಕ್ಕದ ಅಂಗಡಿಯವನ ಫ್ಲಾಸ್ಕೂ ಬಂತು. ಅಷ್ಟರಲ್ಲಿ ವಾಪಸು ಹೋಗುವ ಬಸ್ಸೂ ಬಂತು.

ದೇಜು ಮನೆಗೆ ಬಂದಾಗ ಕಣ್ಣು ಎರಡೂ ಗೋಲಿ ಸೋಡಾದ ಗೋಲಿಯ ಹಾಗೆ. ಮುಚ್ಚಲಿಕ್ಕೇ ಬರುವುದಿಲ್ಲ.

"ಕೋಟೆ ನೋಡಿದೆಯಾ?"

"ಇಲ್ಲ ಅಮ್ಮ."

"ಪೇಟೆ ನೋಡಿದೆಯಾ?"

"ಇಲ್ಲ ಅಮ್ಮ. ಲೋಟದ ತಳ ನೋಡಿದೆ. ನೀನು ಹೇಳಿದ ಹಾಗೇ ಮಾಡಿದೆ."

ಅಪ್ಪಿಯಕ್ಕ ಹಣೆ ಬಡಿದುಕೊಂಡಳು. "ನನ್ನ ಹೊಟ್ಟೆಯಲ್ಲಿ ಎಂತ ಹುಟ್ಟಿತು ದೇವರೇ. ಸಾಕು ಅನಿಸಿದರೆ ಲೋಟ ಹೀಗೆ ಅಲ್ಲಾಡಿಸಿ ಕೊಡಬೇಕು ಮಾರಾಯ. ಇಲ್ಲಿಯ ಕ್ರಮವೇ ಹಾಗೆ. ಅಲ್ಲಾಡಿಸದಿದ್ದರೆ ಅವರು ಬಗ್ಗಿಸುತ್ತಲೇ ಇರುತ್ತಾರೆ. ಇನ್ನು ಮುಂದೆ ಸಾಕು ಅನಿಸಿದ ಕೂಡಲೇ ಕೈಯಲ್ಲಿ ಇದ್ದದ್ದನ್ನು ಅಲ್ಲಾಡಿಸು. ಬಾಯಿ ಬಿಡಬೇಡ."

"ಆಯಿತು ಅಮ್ಮ."

"ಇನ್ನೊಂದು ಸಲ ನೋಡುವ" ಅಂದಳು ಹರಿಣಾಕ್ಷಿ.

ಎರಡನೇ ಸಲ ಸೂರ್ ಎಂಬ ಊರಿಗೆ. ಬಸ್ಸು ತಪ್ಪಿತು, ಹಾಗಾಗಿ ನಾಲ್ಕು ಜನ ಸೇರಿ ಹೋಗುವ ಬಾಡಿಗೆ ಟ್ಯಾಕ್ಸಿ. ದಾರಿ ಖರ್ಚು ಉಳಿಯಲಿ ಎಂದು ಅಪ್ಪಿಯಕ್ಕ ಹಿಡಿಯೂ ಮುಚ್ಚಳವೂ ಇರುವ ಸ್ಟೀಲಿನ ತೂಕುಪಾತ್ರೆಯಲ್ಲಿ ಮಜ್ಜಿಗೆಹುಳಿ, ಅನ್ನ ಹಾಕಿ ಕೊಟ್ಟಿದ್ದಳು. ದೇಜು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಸೂರ್ ಬಂತು. ದೇಜುವಿಗೆ ಪ್ರಯಾಣ ಸಾಕು ಅನಿಸಿತು. ಸಾಕು ಅನಿಸಿದ ಕೂಡಲೇ ಕೈಯಲ್ಲಿದ್ದ ಪಾತ್ರೆ ಅಲ್ಲಾಡಿಸಿದ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಹುಡುಗ ರೇಡಿಯೋದ ಹಾಡಿಗೆ ತಾಳ ಹಾಕುತ್ತಿದ್ದಾನೆ ಎಂದು ಸಂತೋಷಪಟ್ಟು ಹಾಡಿನ ಸದ್ದು ಹೆಚ್ಚು ಮಾಡಿದ. ದೇಜು ಇನ್ನೂ ಜೋರಾಗಿ ಅಲ್ಲಾಡಿಸಿದ. ಡ್ರೈವರ್ ಸದ್ದು ಇನ್ನೂ ಹೆಚ್ಚು ಮಾಡಿದ. ಸೂರ್ ಹಿಂದೆ ಹೋಯಿತು. ಮುಚ್ಚಳ ಹಾರಿತು. ಮಜ್ಜಿಗೆಹುಳಿ ಎಡಗಡೆಯವನ ಬಿಳಿ ಅಂಗಿಗೆ, ಕುಂಬಳದ ಹೋಳು ಬಲಗಡೆಯವನ ಮಡಿಲಿಗೆ, ಉಳಿದದ್ದು ಡ್ರೈವರನ ಕುತ್ತಿಗೆಗೆ. ಆಗ ಟ್ಯಾಕ್ಸಿ ನಿಂತಿತು. ಊರೂ ಇಲ್ಲ, ಮನೆಯೂ ಇಲ್ಲ, ಬರೀ ಮರಳು. ದೇಜುವನ್ನು ಅಲ್ಲೇ ಇಳಿಸಿದರು. ಮೀನಿನ ಲಾರಿಯೊಂದು ಅವನನ್ನು ಮನೆಗೆ ಮುಟ್ಟಿಸಿತು.

"ನೀನು ಹೇಳಿದ ಹಾಗೇ ಮಾಡಿದೆ ಅಮ್ಮ."

"ನನ್ನ ಹೊಟ್ಟೆಯಲ್ಲಿ ಎಂತ ಹುಟ್ಟಿತು ದೇವರೇ" ಅಂದಳು ಅಪ್ಪಿಯಕ್ಕ, ಮೂಗು ಮುಚ್ಚಿಕೊಂಡು. "ಇಳಿಯಬೇಕಾದರೆ ಬಾಯಿ ಬಿಟ್ಟು ಹೇಳಬೇಕು. ಸಾಕು ಅನಿಸಿದರೆ 'ಇಲ್ಲೇ ಇಳಿಸಿ, ನಾನು ಇಳಿಯುತ್ತೇನೆ' ಅಂತ ದೊಡ್ಡ ಸ್ವರದಲ್ಲಿ ಹೇಳು. ನಿಲ್ಲಿಸುವವರೆಗೆ ಬಿಡಬೇಡ."

"ಆಯಿತು ಅಮ್ಮ."

ದೂಮಪ್ಪಣ್ಣ ಬಹರೇನಿಗೆ ಫೋನ್ ಮಾಡಲು ಶುರುಮಾಡಿದ್ದ. ಹರಿಣಾಕ್ಷಿ, "ಇನ್ನೊಂದು ಸಲ ಅಪ್ಪ" ಅಂದಳು.

ಮೂರನೇ ಸಲ ಮಸೀರಾ ದ್ವೀಪ. ಅಲ್ಲಿಗೆ ಹೋಗುವುದು ಹಡಗಿನಲ್ಲಿ. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಹಡಗು ತೂಗಿತು. ದೇಜುವಿನ ಹೊಟ್ಟೆಯೂ ತೂಗಿತು. ಸಾಕು ಅನಿಸಿತು.

"ಇಲ್ಲೇ ಇಳಿಸಿ, ನಾನು ಇಳಿಯುತ್ತೇನೆ."

ಸುತ್ತಮುತ್ತ ನೀರು. ಪಕ್ಕದವರು ನಕ್ಕರು. ದೇಜು ಬಿಡಲಿಲ್ಲ. ಕನ್ನಡದಲ್ಲಿ ಹೇಳಿದ, ಹಿಂದಿಯಲ್ಲಿ ಹೇಳಿದ, ಬಂದಷ್ಟು ಅರಬ್ಬಿಯಲ್ಲಿ ಹೇಳಿದ. ಹೇಳುತ್ತ ಹೇಳುತ್ತ ಹಡಗಿನ ಅಂಚಿನ ಕಟಕಟೆಯ ಹತ್ತಿರ ಹೋದ. ಈ ಹುಡುಗ ಜೀವ ಕಳಕೊಳ್ಳಲು ಹೊರಟಿದ್ದಾನೆ ಎಂದು ಒಬ್ಬ ಅವನ ಸೊಂಟ ಹಿಡಿದ, ಇನ್ನೊಬ್ಬ ಕಾಲು ಹಿಡಿದ. ಒಬ್ಬಳು ಮುದುಕಿ ಅವನ ತಲೆ ಸವರಿ ಅತ್ತಳು. ಕ್ಯಾಪ್ಟನ್ ಹೆದರಿ ಹಡಗನ್ನು ತಿರುಗಿಸಿದ. ಕಾರು, ಲಾರಿ, ಆಡುಗಳ ಸಮೇತ ಎಲ್ಲರೂ ಹೊರಟ ದಡಕ್ಕೇ ಬಂದರು.

ದೇಜು ಇಳಿದ. "ಉಪಕಾರ ಆಯಿತು" ಅಂದ.

ಅಪ್ಪಿಯಕ್ಕನಿಗೆ ಈ ಸಲ ಹಣೆ ಬಡಿದುಕೊಳ್ಳಲೂ ಶಕ್ತಿ ಇರಲಿಲ್ಲ. "ನಡು ಸಮುದ್ರದಲ್ಲಿ ಯಾರಾದರೂ ಇಳಿಯುತ್ತಾರಾ ಮಗಾ? ನಿನ್ನ ತಲೆ ಓಡಿಸಲೇಬೇಡ. ಮುಂದೆ ಇದ್ದವನ ಬೆನ್ನು ನೋಡಿಕೊಂಡು ನಡಿ. ಅವನು ಇಳಿದರೆ ಇಳಿ, ಹತ್ತಿದರೆ ಹತ್ತು. ಅವನು ಎಂತ ಮಾಡುತ್ತಾನೋ ಅದನ್ನೇ ಮಾಡು."

"ಆಯಿತು ಅಮ್ಮ."

ನಾಲ್ಕನೇ ಸಲ ಸಲಾಲಾ. ಬಸ್ಸಿನಲ್ಲಿ ದೇಜುವಿನ ಮುಂದಿನ ಸೀಟಿನಲ್ಲಿ ಕಾಸರಗೋಡಿನ ಅಂದುಂಞಿ ಕೂತಿದ್ದ. ಅವನಿಗೆ ಸಲಾಲಾದಲ್ಲಿ ಎಳನೀರಿನ ಅಂಗಡಿ. ಅಂದುಂಞಿ ಇಳಿದ, ದೇಜು ಇಳಿದ. ಅಂದುಂಞಿ ಕೋಣೆಗೆ ಹೋದ, ದೇಜು ಕೋಣೆಗೆ ಹೋದ. ಅಂದುಂಞಿ ಕೈಕಾಲು ತೊಳೆದ, ದೇಜು ತೊಳೆದ. ಅಂದುಂಞಿ ಮಧ್ಯಾಹ್ನ ಸ್ವಲ್ಪ ಅಡ್ಡಾದ, ದೇಜು ಅದೇ ಮಂಚದಲ್ಲಿ ಪಕ್ಕಕ್ಕೆ ಅಡ್ಡಾದ. ಸಂಜೆ ಅಂದುಂಞಿ ಅಂಗಡಿ ತೆರೆದು ಎಳನೀರು ಕೆತ್ತಿದ, ದೇಜುವೂ ಒಂದು ಕತ್ತಿ ಹಿಡಿದು ಕೆತ್ತಿದ.

ಮರುದಿನ ಅಪ್ಪಿಯಕ್ಕನಿಗೆ ಫೋನ್ ಬಂತು.

"ಅಕ್ಕಾ, ನಿಮ್ಮ ಮಗ ನನ್ನ ಹತ್ತಿರ ಇದ್ದಾನೆ. ಹುಡುಗ ಒಳ್ಳೆಯವನು, ಕೆಲಸವೂ ಮಾಡುತ್ತಾನೆ. ಆದರೆ ನಾನು ಕೆಮ್ಮಿದರೆ ಅವನೂ ಕೆಮ್ಮುತ್ತಾನೆ. ನನಗೆ ಹೆದರಿಕೆ ಆಗುತ್ತದೆ ಅಕ್ಕಾ."

ಕೊನೆಗೆ ಅಂದುಂಞಿ, ಮಸ್ಕತ್ ಬಸ್ಸು ಹತ್ತಲು ನಿಂತವನೊಬ್ಬನ ಬೆನ್ನ ಹಿಂದೆ ದೇಜುವನ್ನು ನಿಲ್ಲಿಸಿ, ತಿರುಗಿ ನೋಡದೆ ಓಡಿದ. ಮಸ್ಕತ್ತಿನಲ್ಲಿ ಬಸ್ಸು ನಿಲ್ಲುವಲ್ಲಿ ಅಪ್ಪಿಯಕ್ಕ ಕಾದು ನಿಂತಿದ್ದಳು.

"ನೀನು ಹೇಳಿದ ಹಾಗೇ..."

"ಹೇಳಬೇಡ" ಅಂದಳು ಅಪ್ಪಿಯಕ್ಕ. "ಇದು ಕೊನೇ ಮಾತು, ಸರಿಯಾಗಿ ಕೇಳು. ಒಬ್ಬನೇ ಹೋಗುವುದು ಅಂದರೆ ಒಬ್ಬನೇ. ಯಾರ ಹಿಂದೆಯೂ ಹೋಗಬೇಡ, ಯಾರನ್ನೂ ಕಟ್ಟಿಕೊಂಡು ಹೋಗಬೇಡ. ಒಂದು ಟಿಕೆಟ್, ಒಂದು ಚೀಲ, ನೀನೊಬ್ಬ. ಅಷ್ಟೇ."

"ಆಯಿತು ಅಮ್ಮ."

ಐದನೇ ಸಲ ಸೊಹಾರಿಗೆ ಹೋದ. ಒಬ್ಬನೇ ಹೋದ, ಒಬ್ಬನೇ ಕೋಟೆ ನೋಡಿದ, ಒಬ್ಬನೇ ಸಮುದ್ರ ನೋಡಿದ, ಒಬ್ಬನೇ ಮನೆಗೆ ಬಂದ. ಕೈಕಾಲು, ಚೀಲ ಎಲ್ಲ ಸರಿಯಾಗಿತ್ತು. ಅಪ್ಪಿಯಕ್ಕ ಅಳುತ್ತ ಅವನ ತಲೆ ಸವರಿ, "ಇನ್ನು ಎಲ್ಲಿಗೆ ಹೋದರೂ ಹೀಗೇ ಹೋಗು ಮಗಾ" ಅಂದಳು. ಆ ಮಾತು ಆಡಬಾರದಿತ್ತು. ಸಂತೋಷದಲ್ಲಿ ಬಾಯಿಗೆ ಬಂತು.

ಮದುವೆಯಾಯಿತು. ದೂಮಪ್ಪಣ್ಣ ಬಹರೇನಿನ ಹುಡುಗನನ್ನು ಮರೆತು ಎರಡು ಸಲ ಪಾಯಸ ಹಾಕಿಸಿಕೊಂಡ. ಗಂಡ ಹೆಂಡತಿ ಜಾರ್ಜಿಯಾ ದೇಶದ ಟಿಬಿಲಿಸಿಗೆ ಹೋಗಿ ಬರುವುದೆಂದು ಮಾತಾಯಿತು. ಹರಿಣಾಕ್ಷಿಯೇ ಅಲ್ಲಿ ಅಗ್ಗದ ಕೋಣೆ ಹುಡುಕಿದಳು. "ಟಿಕೆಟ್ ನೀವು ಮಾಡಿಸಿ" ಅಂದಳು ದೇಜುವಿಗೆ. ಅವನು ಮಾಡಿಸಿದ.

ಹೊರಡುವ ದಿನ ಬೆಳಿಗ್ಗೆ ಅವಳು ತಲೆ ಬಾಚುತ್ತಿದ್ದಳು. ದೇಜು ಬೆನ್ನಿಗೆ ಚೀಲ ಹಾಕಿಕೊಂಡು, "ಹೋಗಿ ಬರುತ್ತೇನೆ" ಅಂದ. ಟ್ಯಾಕ್ಸಿ ಕರೆಯಲು ಹೋಗುತ್ತಿದ್ದಾರೆ ಅಂದುಕೊಂಡಳು ಅವಳು. ಬಾಚಿ ಆಯಿತು, ಚಾ ಕುಡಿದೂ ಆಯಿತು. ಗಂಡನ ಫೋನ್ ಹತ್ತುವುದಿಲ್ಲ. ಸಂಜೆ ಅವನೇ ಅಪ್ಪಿಯಕ್ಕನಿಗೆ ಫೋನ್ ಮಾಡಿದ.

"ಅಮ್ಮಾ, ಬಂದು ಮುಟ್ಟಿದೆ. ಈ ಸಲ ಒಂದೂ ತಪ್ಪಾಗಲಿಲ್ಲ. ಒಂದು ಟಿಕೆಟ್, ಒಂದು ಚೀಲ, ನಾನೊಬ್ಬ."

ಅಪ್ಪಿಯಕ್ಕ ಸೊಸೆಯ ಮುಖ ನೋಡಿದಳು. ಬುದ್ಧಿ ಹೇಳಲು ಬಾಯಿ ತೆರೆದಳು, ಹಿಂದಿನದೆಲ್ಲ ನೆನಪಾಗಿ ಮುಚ್ಚಿದಳು. "ನೀನೇ ಹೇಳಮ್ಮ" ಎಂದು ಫೋನ್ ಅವಳ ಕೈಗೆ ಕೊಟ್ಟಳು.

"ನಾನು ನಾಳೆ ಬರುತ್ತೇನೆ" ಅಂದಳು ಹರಿಣಾಕ್ಷಿ, ಹಲ್ಲು ಕಚ್ಚಿ. "ನಾನು ಬರುವವರೆಗೆ ನಿಂತಲ್ಲಿಂದ ಅಲ್ಲಾಡಬೇಡಿ."

"ಆಯಿತು ಹರಿಣಿ" ಅಂದ ದೇಜು.

ಅವನು ಆಗ ನಿಂತಿದ್ದದ್ದು ಎಲ್ಲಿ? ಆ ಅಗ್ಗದ ಕೋಣೆ ಇದ್ದ ಹಳೇ ಕಟ್ಟಡದ ಲಿಫ್ಟಿನ ಒಳಗೆ.

ಮರುದಿನ ಹರಿಣಾಕ್ಷಿ ಅಲ್ಲಿಗೆ ಬಂದಳು. ಲಿಫ್ಟಿನ ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಬೆನ್ನಿಗೆ ಚೀಲ, ಕೈಯಲ್ಲಿ ಚಾ ಲೋಟ, ದೇಜು ನೆಟ್ಟಗೆ ನಿಂತಿದ್ದಾನೆ. ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕೆಟಲು ಹಿಡಿದು, ಕೋಣೆಯ ಯಜಮಾನಿ ಮುದುಕಿ ಕೂತಿದ್ದಾಳೆ.

"ಅಲ್ಲಾಡಲಿಲ್ಲ" ಅಂದ ದೇಜು. ಹೊಟ್ಟೆ ಉಬ್ಬಿತ್ತು. "ಈ ಅಜ್ಜಿ ನಿನ್ನೆಯಿಂದ ಚಾ ಕೊಡುತ್ತಿದ್ದಾರೆ. ಬೇಡ ಅನ್ನಬಾರದು ಅಂತ ಅಮ್ಮ ಹೇಳಿದ್ದಾರೆ. ಲೋಟ ಅಲ್ಲಾಡಿಸುವ ಅಂದರೆ, ಅಲ್ಲಾಡಬೇಡಿ ಅಂತ ನೀನು ಹೇಳಿದ್ದಿ."

ಹರಿಣಾಕ್ಷಿಗೆ ಸಿಟ್ಟು ಬಂತು, ನಗುವೂ ಬಂತು. ಎರಡೂ ಒಟ್ಟಿಗೇ ಬಂದು, ನಗು ಮುಂದೆ ಬಂತು. ಲಿಫ್ಟಿನೊಳಗೆ ಹೋಗಿ ಗಂಡನ ಕೈಯಿಂದ ಲೋಟ ತೆಗೆದುಕೊಂಡು, ಮಸ್ಕತ್ತಿನ ಕ್ರಮದಲ್ಲಿ ಚೆನ್ನಾಗಿ ಅಲ್ಲಾಡಿಸಿ ಮುದುಕಿಯ ಮುಂದೆ ಹಿಡಿದಳು. ಆ ಊರಿನ ಮುದುಕಿಗೆ ಮಸ್ಕತ್ತಿನ ಕ್ರಮ ಏನು ಗೊತ್ತು? ಇವಳಿಗೂ ಚಾ ಬೇಕು ಎಂದು ಲೋಟ ತುಂಬಿಸಿದಳು.

ಹರಿಣಾಕ್ಷಿ ಕುಡಿದಳು. ಬೇರೆ ದಾರಿ ಇರಲಿಲ್ಲ. ಲಿಫ್ಟು ಮೇಲೆ ಹೋಯಿತು, ಕೆಳಗೆ ಬಂತು.

ಆಗ ಅಪ್ಪಿಯಕ್ಕನ ಫೋನ್ ಬಂತು. "ಮಗಾ, ಹೆಂಡತಿ ಬಂದು ಮುಟ್ಟಿದಳಾ?"

"ಬಂದಳು ಅಮ್ಮ. ನನ್ನ ಪಕ್ಕದಲ್ಲೇ ಚಾ ಕುಡಿಯುತ್ತಿದ್ದಾಳೆ."

"ಸದ್ಯ. ಊರು ನೋಡಿದೆಯಾ? ಹೇಗುಂಟು?"

"ನಿನ್ನೆಯಿಂದ ಪೂರ್ತಿ ನೋಡಿದೆ ಅಮ್ಮ" ಅಂದ ದೇಜು. "ಚಂದ ಉಂಟು. ಊರಿಗೆ ಒಟ್ಟು ಐದು ಮಹಡಿ."